ಹಳೇ ಹಿಟ್ಟಿನ ಸಾಲು

ನಾನು ಒಂದು ಬ್ಲಾಗ್ ಬರಹ. ಗದಗಿನ ಅನಸೂಯಾ ಹೊಂಬಳ ಅವರ ಮೊಬೈಲಿನಲ್ಲಿ, ಕುಕ್ಕರಿನ ಎರಡು ಸೀಟಿಗಳ ನಡುವೆ ಹುಟ್ಟಿದೆ. ಜೋಳದ ರೊಟ್ಟಿ ಬಡಿಯುವುದನ್ನು ಹೇಳಿಕೊಡುವುದು ನನ್ನ ಕೆಲಸ. ಇದ್ದದ್ದು ಹನ್ನೆರಡೇ ಸಾಲು. ಅದರಲ್ಲೊಂದು: "ಹಿಟ್ಟು ಬೀಸಿಸಿ ಬಹಳ ದಿನ ಆಗಿದ್ದರೆ ಜಿಗುಟು ಹೋಗಿರುತ್ತದೆ. ಆಗ ಕುದಿಯುವ ನೀರೇ ಹಾಕಿ, ಕೈ ನೋಯುವ ತನಕ ನಾದಿ."

ಮೊದಲ ತಿಂಗಳು ಹದಿನೇಳು ಮಂದಿ ಬಂದರು. ಒಂಬತ್ತು ಮಂದಿ ಅವರ ತವರಿನವರೇ.

ಆಮೇಲೆ ನಾನು ಅವರ ಮೈದುನ ಗುರುಶಾಂತನ ಕೈಗೆ ಬಿದ್ದೆ.

"ವೈನಿ, ಇದನ್ನ ಯಾರ್ ಓದ್ತಾರ್ರೀ?"

"ರೊಟ್ಟಿ ಬರಲಾರದವ್ರು."

"ಅವ್ರಿಗಿಂತ ಮೊದ್ಲ ಸರ್ಚ್ ಇಂಜಿನ್ ಓದಬೇಕ್ರೀ."

"ಅದೇನು ರೊಟ್ಟಿ ಉಣ್ತದೇನೋ?"

ನಕ್ಕರೂ ಒಪ್ಪಿದರು. ಮಂದಿ ಓದಲಿ ಎಂಬ ಆಸೆ ಅವರಿಗೂ ಇತ್ತಲ್ಲ. ಗುರುಶಾಂತ ನನಗೆ ಜೋಳದ ಇತಿಹಾಸ ತುಂಬಿದ, ಸಕ್ಕರೆ ಕಾಯಿಲೆ ತುಂಬಿದ, ತೂಕ ಇಳಿಸುವ ಉಪಾಯ ತುಂಬಿದ. 'ಜೋಳದ ರೊಟ್ಟಿ ಮಾಡುವ ವಿಧಾನ' ಎಂದು ಇಪ್ಪತ್ಮೂರು ಸಲ ಹೇಳಿಸಿದ. ಹಳೇ ಹಿಟ್ಟಿನ ಸಾಲನ್ನು ಯಾರೂ ಹುಡುಕುವುದಿಲ್ಲವೆಂದು ಕಿತ್ತೇಬಿಟ್ಟ. ವಾರಕ್ಕೊಂದು ತಲೆಬರಹ. ನನಗೆ ನಾನೇ ಗುರುತು ಸಿಗದಂತಾದೆ. ಸರ್ಚ್ ಇಂಜಿನ್ನಿನ ಮೊದಲ ಪುಟಕ್ಕೇನೋ ಏರಿದೆ, ಸಾವಿರಾರು ಮಂದಿ ಬಂದರು. ಬಸ್ ಸ್ಟ್ಯಾಂಡಿನ ಹಾಗೆ, ಯಾರೂ ಕೂರಲಿಲ್ಲ.

ಒಬ್ಬರು ಕೂತರು. ಇಳಕಲ್ಲಿನ ಕರೆಂಟ್ ಕೆಲಸದ ದಾವಲಸಾಬ. ಅವರ ತಾಯಿಗೆ ಲಕ್ವಾ ಹೊಡೆದಿತ್ತು. ಅನ್ನ ಬಾಯಿಗಿಟ್ಟರೆ ಉಗುಳಿ ರೊಟ್ಟಿ ಕೇಳುತ್ತಿದ್ದರು. ಹಿಟ್ಟಿನ ಡಬ್ಬಿಗೆ ಮೊಬೈಲ್ ಒರಗಿಸಿ, ಮೊಣಕೈಯಲ್ಲಿ ನನ್ನನ್ನು ಸರಿಸುತ್ತಿದ್ದರು. ಇತಿಹಾಸ ಮುಗಿಯುವಷ್ಟರಲ್ಲಿ ಪರದೆ ಕಪ್ಪಾಗುತ್ತಿತ್ತು. ಕೊನೆಗೂ ವಿಧಾನ ಸಿಕ್ಕಿತು, ರೊಟ್ಟಿ ಮಾತ್ರ ಬಡಿದಂತೆಲ್ಲ ಸೀಳಿತು. ನನಗೆ ಹೇಳಲು ಬಾಯಿಯಿಲ್ಲ, ಇದ್ದ ಸಾಲೂ ಇಲ್ಲ.

ಮೂರನೇ ದಿನ ನನ್ನ ಕೆಳಗೇ ಬರೆದರು: "ಅಕ್ಕಾರ, ನೀವು ಹೇಳಿದಂಗ ಮಾಡೇನಿ. ಎಲ್ಲಾ ಒಡೀಲಿಕ್ಕತ್ತಾವ. ನಮ್ಮವ್ವ ಬರೇ ಚಹಾದ ಮ್ಯಾಲ ಅದಾಳ."

ಅನಸೂಯಾ ಕೇಳಿದರು: "ಹಿಟ್ಟು ಯಾವಾಗ ಬೀಸಿಸಿದ್ದು ತಮ್ಮಾ?"

"ಅವ್ವ ಬೀಳೋ ಮೊದ್ಲ ಆಕೀನ ಬೀಸಿಸಿದ್ಲು. ಒಂದೂವರಿ ತಿಂಗಳಾತ್ರಿ."

ಅನಸೂಯಾ ನನ್ನನ್ನು ಮೇಲಿಂದ ಕೆಳಗೆ ಎರಡು ಸಲ ಜಾಲಾಡಿದರು.

"ಗುರುಶಾಂತಾ, ಹಳೇ ಹಿಟ್ಟಿಂದು ಎಲ್ಲೋ?"

"ತೆಗದೀನ್ರೀ ವೈನಿ. ನಂಬರ್ ಬಂದೈತಲ್ಲ ಈಗ!"

"ನಂಬರ್ ಬಂತಪ್ಪಾ. ಆ ಮುದುಕಿ ಹೊಟ್ಟೀಗೆ ರೊಟ್ಟಿ ಬರಲಿಲ್ಲ."

ದಾವಲಸಾಬರಿಗೆ ಆಗಲೇ ಉತ್ತರ ಹೋಯಿತು. ಆಮೇಲೆ ಇತಿಹಾಸ, ತೂಕ, ಸಕ್ಕರೆ ಎಲ್ಲ ಕತ್ತರಿಸಿ, ಹಳೇ ಹಿಟ್ಟಿನ ಸಾಲನ್ನು ನೆತ್ತಿಯ ಮೇಲಿಟ್ಟರು. ಮರುದಿನ ಇಳಕಲ್ಲಿನಿಂದ ಚಿತ್ರ ಬಂತು: ಅಂಚು ಸೀಳಿದ ದಪ್ಪ ರೊಟ್ಟಿ, ಅರ್ಧ ಆಗಲೇ ಉಂಡಾಗಿತ್ತು.

ತಿಂಗಳಲ್ಲಿ ನಾನು ಐದನೇ ಪುಟಕ್ಕೆ ಜಾರಿದೆ. ಈಗ ವಯಸ್ಸಾಗಿದೆ. ಹುಡುಕುವ ಯಂತ್ರಗಳು ಅಪರೂಪಕ್ಕೊಮ್ಮೆ ಇಣುಕುತ್ತವೆ. ನೆಮ್ಮದಿ ಇದೆಯೇ ಎಂದರೆ, ಇಲ್ಲ. ಇನ್ನೆಲ್ಲೋ ಒಬ್ಬರ ರೊಟ್ಟಿ ಈಗಲೂ ಒಡೆಯುತ್ತಿರಬಹುದು; ನಾಲ್ಕು ಪುಟ ದಾಟಿ ನನ್ನ ತನಕ ಬರುವ ತಾಳ್ಮೆ ಯಾರಿಗಿದೆ? ಗುರುಶಾಂತ ಹೇಳಿದ್ದು ಪೂರಾ ಸುಳ್ಳಲ್ಲ.

ನಿನ್ನೆ ಅನಸೂಯಾ ನನ್ನನ್ನು ತೆರೆದು ಗುರುಶಾಂತನಿಗೆ ತೋರಿಸಿದರು.

"ಈ ವಾರ ಮೂರು ಮಂದಿ ಬಂದಾರ ನೋಡೋ."

"ಬರೇ ಮೂರಾ?"

"ಮೂರೂ ಮಂದಿ ಕಡೀತನಕ ಓದ್ಯಾರ."