ಸೋತವನ ಕೈಗೆ ಹಗ್ಗ

ಅಮ್ಮ ಪ್ಯಾಂಟಿನ ಒಂದು ಕಾಲು ಹಿಡಿದಿದ್ದಳು, ಮಗಳು ಇನ್ನೊಂದು. ಒದ್ದೆ ಬಟ್ಟೆಯನ್ನು ಮೇಲಿನಿಂದ ಕೆಳಕ್ಕೆ ಎಳೆದರೆ ಒಂದಷ್ಟು ಕೂದಲು ಬರುತ್ತಿತ್ತು. ಉಳಿದದ್ದನ್ನು ಉಗುರಿನಿಂದ ಕಿತ್ತು ತೆಗೆಯಬೇಕಿತ್ತು. ಕಿತ್ತದ್ದನ್ನೆಲ್ಲ ಮಗಳು ಹಳೆಯ ಪೇಪರಿನ ಮೇಲೆ ಗುಡ್ಡೆ ಹಾಕುತ್ತಿದ್ದಳು. ಅದರಲ್ಲಿ ಕಪ್ಪು ಕೂದಲು ಕಡಿಮೆ. ಉದ್ದನೆಯ ಬಿಳಿ, ಒರಟು ಕಂದು, ಮೋಟು ಬೂದಿ ಬಣ್ಣದ್ದೇ ಹೆಚ್ಚು. ಮನೆಯಲ್ಲಿದ್ದದ್ದು ಒಂದೇ ನಾಯಿ, ಅದು ಕಪ್ಪು.

ಆ ಕಪ್ಪು ನಾಯಿ ಈಗ ಶವಪೆಟ್ಟಿಗೆಯ ಕೆಳಗೆ ಮಲಗಿತ್ತು. ಪೆಟ್ಟಿಗೆಯನ್ನು ಎರಡು ಸ್ಟೂಲುಗಳ ಮೇಲೆ ಇಟ್ಟಿದ್ದರು. ಅಪ್ಪ ಅದರೊಳಗೆ ಬಟ್ಟೆಗಾಗಿ ಕಾಯುವವನ ಹಾಗೆ ಮಲಗಿದ್ದ.

ಅಮ್ಮ ಎದ್ದು ಪ್ಯಾಂಟಿಗೆ ಇಸ್ತ್ರಿ ಹಾಕಿದಳು. ಲಾಂಡ್ರಿಯ ಹಬೆ ಯಂತ್ರದ ಮುಂದೆ ನಿಂತು ಇಡೀ ಊರಿನ ಪ್ಯಾಂಟುಗಳಿಗೆ ಗೆರೆ ಕೂರಿಸಿದವನ ಪ್ಯಾಂಟಿಗೆ ಅವಳು ಹಾಕಿದ ಗೆರೆ ಮೊಣಕಾಲಿನ ಹತ್ತಿರ ಸೊಟ್ಟಗಾಯಿತು. ಅವಳು ಅದನ್ನು ನೋಡಿದಳು, ತಿದ್ದಲು ಹೋಗಲಿಲ್ಲ.

ಬಾಗಿಲಲ್ಲಿ ಲಾಂಡ್ರಿಯ ಮ್ಯಾನೇಜರು ಕೆಮ್ಮಿದ. ಆ ಎರಡು ಕೋಣೆಯ ಮನೆ ಲಾಂಡ್ರಿಯದ್ದು; ಕೆಲಸಗಾರರಿಗೆಂದು ಹಿಂದುಗಡೆ ಕಟ್ಟಿಸಿದ ಸಾಲಿನಲ್ಲಿ ಕೊನೆಯದು.

"ಗಾಡಿ ಹನ್ನೊಂದಕ್ಕೆ ಬರತ್ತೆ," ಅಂದ. "ಮನೆ ವಿಷಯ ಇವತ್ತು ಮಾತಾಡಲ್ಲ. ಈ ವಾರ ಇರಿ, ನಿಧಾನಕ್ಕೆ ಸಾಮಾನು ಕಟ್ಕೊಳ್ಳಿ. ನಾಯಿದೊಂದು ಮಾತ್ರ ಹೇಳ್ಬಿಡ್ತೀನಿ. ನಾಳೆ ಬೆಳಗ್ಗೆ ನಗರಸಭೆಯವರು ಬರ್ತಾರೆ. ನಾನೇ ಹೇಳಿದೀನಿ."

"ಅವರು ಬೇಡ," ಅಂದಳು ಅಮ್ಮ. "ಅದಕ್ಕೆ ಜನ ಇದಾರೆ."

"ಯಾರು?"

"ಭಾನುವಾರದವರು."

ಮ್ಯಾನೇಜರು ಮಗಳ ಮುಖ ನೋಡಿದ. ಅವಳು ಪೇಪರನ್ನು ಮಡಿಸುತ್ತಿದ್ದಳು. ಅಮ್ಮ ಅಂಗಿ ತರಲು ಒಳಗೆ ಹೋದಾಗ ಅವನು ದನಿ ತಗ್ಗಿಸಿದ. "ಮುದಿ ನಾಯಿನ ನಗರಸಭೆಯವರು ತುಂಬ ದಿನ ಇಟ್ಕೊಳಲ್ಲಮ್ಮ. ಸೂಜಿ ಹಾಕ್ಬಿಡ್ತಾರೆ. ಯಾರಾದ್ರೂ ಕರ್ಕೊಂಡು ಹೋಗೋ ಹಾಗಿದ್ರೆ ಇವತ್ತೇ ಹೋಗ್ಲಿ. ನಿಂಗೆ ಗೊತ್ತಿರ್ಲಿ ಅಂತ ಹೇಳ್ದೆ."

ಅವಳು ತಲೆಯಾಡಿಸಿದಳು. ಅವಳಿಗೆ ಗೊತ್ತಿತ್ತು. ಅಮ್ಮ ಇನ್ನು ಮೇಲೆ ಅವಳ ಜೊತೆಗೇ ಇರಬೇಕು. ಅವಳು ಅಡುಗೆ ಮಾಡುವ ಹಾಸ್ಟೆಲಿನ ಮೇಲ್ಮಹಡಿಯಲ್ಲಿ ಒಂದೇ ಕೋಣೆ. ಅಮ್ಮನನ್ನು ಇಟ್ಟುಕೊಳ್ಳುವುದಕ್ಕೇ ವಾರ್ಡನ್‌ ಹತ್ತು ಸಲ ಮುಖ ಸಿಂಡರಿಸಿದ್ದರು.

*

ಆಸ್ಪತ್ರೆಯಲ್ಲಿ ಅಪ್ಪ ಬೇರೆ ಯಾವುದಕ್ಕೂ ಹೆಚ್ಚು ಮಾತಾಡಿರಲಿಲ್ಲ. ನಾಯಿ ಕರಿಯನ ವಿಷಯಕ್ಕೆ ಮಾತ್ರ ದಿಂಬಿನಿಂದ ತಲೆ ಎತ್ತಿದ್ದ.

"ಅವನ ಚಿಂತೆ ಮಾಡ್ಬೇಡಿ. ಮೂರು ಜನ ಇದಾರಲ್ಲ. ಒಬ್ರಲ್ಲ ಒಬ್ರು ಇಟ್ಕೊಳ್ತಾರೆ."

"ಅವರು ಬಂದೇ ಇಲ್ವಲ್ಲಪ್ಪ ನಿನ್ನ ನೋಡೋಕೆ."

"ಗೊತ್ತಾಗಿರಲ್ಲ. ಗೊತ್ತಾದ್ರೆ ಬರ್ದೆ ಇರ್ತಾರಾ?" ಸ್ವಲ್ಪ ಹೊತ್ತು ಉಸಿರು ಹಿಡಿದುಕೊಂಡು ಮತ್ತೆ ಹೇಳಿದ್ದ. "ಅವರ ನಾಯಿಗಳನ್ನ ಇಷ್ಟು ವರ್ಷ ನಾನು ಹಿಡ್ಕೊಂಡಿಲ್ವಾ? ನಂದೊಂದನ್ನ ಅವರು ಹಿಡ್ಕೊಳಲ್ವಾ?"

ಅವಳು ಕಿಟಕಿಯ ಪರದೆ ಸರಿಮಾಡುತ್ತ ನಿಂತಿದ್ದಳು. ಅಮ್ಮ ಹೌದು ಹೌದು ಅಂದಿದ್ದಳು.

*

ಆ ಮೂವರು ಹತ್ತೂವರೆಗೆ ಬಂದರು. ಹಿಂದಿನ ಸಂಜೆ ಅವಳು ಮೈದಾನದ ಪಕ್ಕದ ಚಹಾ ಅಂಗಡಿಗೆ ಹೋಗಿ ಸುದ್ದಿ ಮುಟ್ಟಿಸಿದ್ದಳು. ಅಂಗಡಿಯಾತ ಬೆಳಗ್ಗೆ ಅವರಿಗೆ ಹೇಳಿದ್ದ. ಚಹಾ ಮುಗಿಸಿ ಅಲ್ಲಿಂದ ನೇರ ಬಂದಿದ್ದರಿಂದ ಮೂವರ ಕೈಯಲ್ಲೂ ನಾಯಿಗಳಿದ್ದವು.

ಅಡುಗೆಮನೆಯ ಕಿಟಕಿ ಗೇಟಿನ ಕಡೆಗೇ ಇತ್ತು. ಲೋಟ ತೊಳೆಯುತ್ತಿದ್ದ ಅವಳಿಗೆ ಎಲ್ಲ ಕೇಳುತ್ತಿತ್ತು. ನಿವೃತ್ತರಾದ ಡ್ರಿಲ್‌ ಮೇಷ್ಟ್ರು, ಅವರ ಬೂದಿ ಬಣ್ಣದ ಮೋಟು ನಾಯಿ. ಮೆಡಿಕಲ್‌ ಶಾಪಿನವರು, ಅವರ ಜೂಲು ಜೂಲು ಬಿಳಿಯದು. ಟೈರ್‌ ಅಂಗಡಿಯವನು, ಕರುವಿನಷ್ಟಿದ್ದ ಅವನ ಕಂದು ನಾಯಿ.

"ಎರಡು–ಒಂದು," ಟೈರ್‌ ಅಂಗಡಿಯವನು ರಾತ್ರಿಯ ಫುಟ್‌ಬಾಲ್ ಪಂದ್ಯದ ಫಲಿತಾಂಶವನ್ನು ಇನ್ನೂ ನಂಬಲಾರದೆ ಹೇಳುತ್ತಿದ್ದ. "ಹಸಿರಿನವರ ಕೈಲಿ ಎರಡು–ಒಂದು. ನಮ್ಮ ಗೋಲ್‌ಕೀಪರ್‌ ಏನು ನಿಂತ್ಕೊಂಡೇ ನಿದ್ದೆ ಹೊಡೀತಿದ್ನಾ ಸಾರ್?"

"ಅವನ ಬದಲು ನಿನ್ನ ಕೆಂಚನ್ನ ನಿಲ್ಸಿದ್ರೆ ಒಂದಾದ್ರೂ ಹಿಡೀತಿತ್ತು," ಅಂದರು ಮೇಷ್ಟ್ರು.

"ನಮ್ಮದು ಹಿಡಿಯತ್ತೆ. ವಾಪಸ್‌ ಕೊಡಲ್ಲ ಅಷ್ಟೆ."

"ನಮ್ಮ ರಾಣಿ ರಾತ್ರಿಯಿಂದ ಅನ್ನ ಮುಟ್ಟಿಲ್ಲ ಕಣ್ರಿ," ಅಂದರು ಮೆಡಿಕಲ್‌ ಶಾಪಿನವರು. "ಎರಡನೇ ಗೋಲಿಗೆ ನಾನು ಕಿರುಚಿದ್ದಕ್ಕೆ ಮಂಚದ ಕೆಳಗೆ ಸೇರ್ಕೊಂಡ್ಬಿಡ್ತು. ಬೆಳಗ್ಗೆ ಎಳ್ಕೊಂಡು ಬಂದೆ."

"ಬಿಸ್ಕತ್ತು?"

"ಬಿಸ್ಕತ್ತು ತಿಂತು."

"ಹಾಗಾದ್ರೆ ಅದು ದುಃಖ ಅಲ್ಲ, ನಾಟಕ."

ನಕ್ಕರು. ಒಬ್ಬರು 'ಶ್' ಅಂದರು. ನಗು ಸಣ್ಣದಾಯಿತು, ನಿಲ್ಲಲಿಲ್ಲ.

"ಪಾಪ, ಹಸಿರಣ್ಣ. ಇಷ್ಟು ವರ್ಷಕ್ಕೆ ಅವನ ತಂಡ ಒಂದು ಸಲ ಗೆಲ್ತು, ಅವನೇ ಇಲ್ಲ," ಅಂದ ಟೈರ್‌ ಅಂಗಡಿಯವನು. "ಇದ್ದಿದ್ರೆ ಇವತ್ತು ಒಳಗೆ ಕೂತು ಚಹಾ ಕುಡೀತಿದ್ದ. ನಮ್ಮಲ್ಲೊಬ್ರು ಹೊರಗೆ."

"ಅದಕ್ಕೇ ನೋಡು," ಅಂದರು ಮೆಡಿಕಲ್‌ ಶಾಪಿನವರು, "ನಮ್ಮನ್ನ ಬಚಾವ್‌ ಮಾಡಿ ಹೋದ."

"ನಾನಂತೂ ಮುನಿಸ್ಕೊಂಡು ಬರ್ತಿಲ್ಲ ಅಂದ್ಕೊಂಡಿದ್ದೆ. ಹೋದ ತಿಂಗಳು ಐದು ಗೋಲು ತಿಂದಾಗ ಸ್ವಲ್ಪ ಜಾಸ್ತಿನೇ ರೇಗಿಸಿದ್ವಲ್ಲ," ಅಂದರು ಮೇಷ್ಟ್ರು. "ಅವನಿಲ್ದೆ ಈ ನಾಯಿಗಳನ್ನ ಕಂಬಕ್ಕೆ ಕಟ್ಟಿ ಕಟ್ಟಿ, ಕಿತ್ತಾಡಿ ಕಿತ್ತಾಡಿ, ನೋಡು ಇದರ ಕಿವಿ ಹೇಗಾಗಿದೆ."

ಅವಳು ತೊಳೆದ ಲೋಟವನ್ನೇ ಮತ್ತೆ ತೊಳೆದಳು.

*

ಅವರಲ್ಲೊಂದು ನಿಯಮವಿತ್ತು. ಶನಿವಾರ ರಾತ್ರಿ ಪಂದ್ಯ; ಆ ಮೂವರು ಕೆಂಪು ತಂಡದ ಕಡೆ, ಅಪ್ಪ ಹಸಿರಿನ ಕಡೆ. ಭಾನುವಾರ ಬೆಳಗ್ಗೆ ನಾಯಿಗಳನ್ನು ಮೈದಾನದ ಸುತ್ತ ಓಡಾಡಿಸಿ ಎಲ್ಲರೂ ಚಹಾ ಅಂಗಡಿಗೆ ಹೋಗುವುದು. ಅಂಗಡಿಯೊಳಗೆ ನಾಯಿಗಳಿಗೆ ಪ್ರವೇಶವಿಲ್ಲ. ಹಾಗಾಗಿ ಯಾರ ತಂಡ ಸೋತಿದೆಯೋ ಅವನು ಎಲ್ಲ ನಾಯಿಗಳ ಹಗ್ಗ ಹಿಡಿದು ಹೊರಗೆ ನಿಲ್ಲಬೇಕು. ಸೋತವನ ಕೈಗೆ ಹಗ್ಗ. ಮನೆಯಲ್ಲಿ ಅಪ್ಪ ಇದನ್ನು ತಮಾಷೆಯಾಗಿ ಹೇಳುತ್ತಿದ್ದ, ಯಾವಾಗಲೋ ಒಮ್ಮೆ ಆಗುವ ಸಂಗತಿಯೆಂಬಂತೆ.

ಅವಳಿಗೆ ಹದಿನೈದಾಗಿದ್ದಾಗ ಒಂದು ಭಾನುವಾರ ಅಮ್ಮನಿಗೆ ಜ್ವರ ಏರಿತು. ಅಪ್ಪನನ್ನು ಕರೆಯಲು ಅವಳು ಹೋದಳು. ಸಣ್ಣಗೆ ಹನಿಯುತ್ತಿತ್ತು. ಅಂಗಡಿಯ ಕಿಟಕಿಯ ಹೊರಗೆ ಅಪ್ಪ ನಿಂತಿದ್ದ. ಎರಡು ಕೈಯಲ್ಲಿ ನಾಲ್ಕು ಹಗ್ಗ. ಚಹಾ ಲೋಟ ಕಿಟಕಿಯ ಕಟ್ಟೆಯ ಮೇಲಿತ್ತು, ಅದರೊಳಗೆ ಹನಿ ಬೀಳುತ್ತಿತ್ತು. ಕೈ ಖಾಲಿಯಿಲ್ಲದ್ದರಿಂದ ಅವನು ಅದನ್ನು ಮುಟ್ಟಿರಲಿಲ್ಲ. ಒಳಗಿನವರು ಏನೋ ಹೇಳಿ ನಕ್ಕರು. ಗಾಜಿನ ಹಿಂದಿನ ಮಾತು ಅವನಿಗೆ ಕೇಳಿಸಿರಲಾರದು. ಅವರ ಮುಖ ನೋಡಿಕೊಂಡು, ಒಂದು ಗಳಿಗೆ ತಡವಾಗಿ, ಅವನೂ ನಕ್ಕ.

ಆಮೇಲೆ ಅವಳನ್ನು ಕಂಡ.

"ಒಳಗೆ ಜಾಗ ಇರ್ಲಿಲ್ಲ," ಅಂದ, ಅವಳು ಏನೂ ಕೇಳದಿದ್ದರೂ.

ಒಳಗೆ ಮೇಜಿನ ಸುತ್ತ ನಾಲ್ಕು ಕುರ್ಚಿಗಳಿದ್ದವು. ನಾಲ್ಕನೆಯದರ ಮೇಲೆ ಮೇಷ್ಟ್ರ ಟೋಪಿ ಇತ್ತು.

ಅಂದು ಸಂಜೆ ಅಮ್ಮನ ಹಣೆಗೆ ಒದ್ದೆ ಬಟ್ಟೆ ಇಡುತ್ತ ಅಪ್ಪ ಹೇಳುತ್ತಿದ್ದ: "ಬೆಳಗ್ಗೆ ನಾನೂ ಮೇಷ್ಟ್ರೂ ಪಕ್ಕಪಕ್ಕ ಕೂತಿದ್ವಿ. ಏನು ಹೇಳಿದ್ರು ಗೊತ್ತಾ?" ಏನು ಹೇಳಿದರೆಂದು ಅವನು ಬಹಳ ಚೆನ್ನಾಗಿ ಹೇಳಿದ. ಅಮ್ಮ ಜ್ವರದಲ್ಲೂ ನಕ್ಕಳು. ಮಗಳು ಅಪ್ಪನ ಒದ್ದೆ ಪ್ಯಾಂಟನ್ನು ತಂತಿಯ ಮೇಲೆ ಹರವಿದಳು.

*

ನಾಯಿಗಳನ್ನು ಗೇಟಿಗೆ ಕಟ್ಟಿ ಮೂವರೂ ಒಳಗೆ ಬಂದರು. ಮುಖ ಸಣ್ಣಗೆ ಮಾಡಿಕೊಂಡು ಪೆಟ್ಟಿಗೆಯ ಸುತ್ತ ನಿಂತರು. ಟೈರ್‌ ಅಂಗಡಿಯವನು ಬಗಲಿನಿಂದ ಒಂದು ಪೊಟ್ಟಣ ತೆಗೆದ. ಹಸಿರು ತಂಡದ ಬಾವುಟ, ಹೊಸದು, ಮಡಿಕೆಯ ಗೆರೆಗಳು ಇನ್ನೂ ಹಾಗೇ ಇದ್ದವು.

"ನಮ್ಮ ಕಡೆಯಿಂದಮ್ಮ," ಅಂದ. "ಬರೋ ದಾರೀಲಿ ತಗೊಂಡ್ವಿ. ಹಸಿರಣ್ಣನಿಗೆ ಹೊದಿಸೋಣ ಅಂತ."

ಅಮ್ಮ ಬಾವುಟವನ್ನು ನೋಡಿದಳು. "ಅವರು ಕೆಂಪಿನವರು," ಅಂದಳು.

"ಇಲ್ಲಮ್ಮ. ಹಸಿರು ಅಂದ್ರೆ ಪ್ರಾಣ ಬಿಡ್ತಿದ್ದ. ನಮಗೆ ಗೊತ್ತಿಲ್ವಾ?"

ಅಮ್ಮ ಕಪಾಟಿನ ಕೆಳಗಿನ ಅರೆಯಿಂದ ಒಂದು ಉಣ್ಣೆಯ ಟೋಪಿ ತೆಗೆದು ತಂದಳು. ತೊಳೆದು ತೊಳೆದು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದರೂ ಅದು ಕೆಂಪು ತಂಡದ ಟೋಪಿಯೇ. "ಮದುವೆಯಾದ ಹೊಸದರಲ್ಲಿ ಇದನ್ನ ಹಾಕ್ಕೊಂಡೇ ಮಲಗ್ತಿದ್ರು. ನಿಮ್ಮ ಜೊತೆ ಸೇರಿದ್ಮೇಲೆ ತೆಗೆದಿಟ್ರು. ಯಾಕೆ ಅಂದೆ. ಯಾರಾದ್ರೂ ಒಬ್ರು ಆ ಕಡೆ ಇರ್ಬೇಕಲ್ಲ ಅಂದ್ರು."

ಮೇಷ್ಟ್ರು ಗದ್ದ ಕೆರೆದುಕೊಂಡರು.

"ಹೌದು," ಅಂದರು ನಿಧಾನವಾಗಿ. "ನಾನೇ ಹೇಳಿದ್ದು. ನಾಲ್ಕು ಜನಾನೂ ಒಂದೇ ಕಡೆ ಆದ್ರೆ ಜಗಳಕ್ಕೆ ಮಜಾ ಇರಲ್ಲ, ಹೊಸಬ ನೀನು, ನೀನು ಹಸಿರಾಗು ಅಂತ. ಒಂದು ವರ್ಷಕ್ಕೆ ಅಂತ ಹೇಳಿದ್ದು. ನಂಗೆ ಮರ್ತೇ ಹೋಗಿತ್ತು."

"ವಾಪಸ್‌ ಬರ್ಬಹುದಿತ್ತಲ್ಲ," ಅಂದರು ಮೆಡಿಕಲ್‌ ಶಾಪಿನವರು. "ಒಂದು ಮಾತು ಹೇಳಿದ್ರೆ ನಾವೇನು ಬೇಡ ಅಂತಿದ್ವಾ?"

ಟೈರ್‌ ಅಂಗಡಿಯವನು ಬಾವುಟವನ್ನು ಏನು ಮಾಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದ.

"ಹೊದಿಸಿ," ಅಂದಳು ಅಮ್ಮ. "ಅವರಿಗೆ ಅಭ್ಯಾಸ ಆಗಿದೆ."

ಅವನು ಹೊದಿಸಿದ. ಸೊಟ್ಟ ಗೆರೆಯ ಪ್ಯಾಂಟು ಅದರ ಕೆಳಗೆ ಮುಚ್ಚಿಹೋಯಿತು. ಅಮ್ಮ ಕೆಂಪು ಟೋಪಿಯನ್ನು ಅಪ್ಪನ ತಲೆಯ ಕೆಳಗೆ, ಕಾಣದಂತೆ, ತುರುಕಿದಳು.

ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು ಕೇಳಿದಳು. "ಕರಿಯನ್ನ ಯಾರು ಕರ್ಕೊಂಡು ಹೋಗ್ತೀರಿ? ನೀವು ನೋಡ್ಕೊಳ್ತೀರಿ ಅಂತ ಅವರು ಹೇಳಿದ್ರು. ನಾಳೆ ನಗರಸಭೆ ಗಾಡಿ ಬರತ್ತಂತೆ."

ಮೂವರೂ ಒಟ್ಟಿಗೆ ಪೆಟ್ಟಿಗೆಯ ಕೆಳಗೆ ಬಗ್ಗಿ ನೋಡಿದರು. ಹೆಸರು ಕೇಳಿ ಕರಿಯ ಬಾಲವನ್ನು ಒಮ್ಮೆ ನೆಲಕ್ಕೆ ಬಡಿಯಿತು.

"ನಮ್ಮದು ಹೆಣ್ಣು ನಾಯಿ ಅಲ್ವಾ ಅಮ್ಮ," ಅಂದರು ಮೆಡಿಕಲ್‌ ಶಾಪಿನವರು. "ಮನೇಲಿ ಒಪ್ಪಲ್ಲ."

"ನಮ್ಮ ಕೆಂಚನಿಗೆ ಬೇರೆ ಗಂಡು ನಾಯಿ ಕಂಡ್ರೆ ಆಗಲ್ಲ. ಕಚ್ಚಿ ಹಾಕ್ಬಿಡತ್ತೆ," ಅಂದ ಟೈರ್‌ ಅಂಗಡಿಯವನು.

ಬೆಳಗ್ಗೆ ಪ್ಯಾಂಟಿನಿಂದ ಕಿತ್ತ ಕೂದಲು ಇನ್ನೂ ಮೂಲೆಯಲ್ಲೇ ಇತ್ತು. ಬಿಳಿ, ಕಂದು, ಬೂದಿ, ಕಪ್ಪು ಎಲ್ಲ ಒಂದೇ ಪೇಪರಿನಲ್ಲಿ. ಮಗಳು ಅದನ್ನು ನೋಡಿದಳು. ಅವಳು ಅವರ ಜೊತೆ ಎಂದೂ ಮಾತಾಡಿದವಳಲ್ಲ.

"ಮೊದಲು ಇದೆಲ್ಲ ಮುಗೀಲಿ," ಅಂದರು ಮೇಷ್ಟ್ರು. "ಆಮೇಲೆ ಕೂತು ಮಾತಾಡೋಣ. ಎಲ್ಲಿಗೆ ಹೋಗತ್ತೆ."

ಅಮ್ಮ ಸಮಾಧಾನಗೊಂಡವಳಂತೆ ತಲೆಯಾಡಿಸಿದಳು.

*

ಹನ್ನೊಂದಕ್ಕೆ ಗಾಡಿ ಬಂತು. ಗೇಟಿನ ಎರಡೂ ಬಾಗಿಲು ತೆರೆಯದೆ ಪೆಟ್ಟಿಗೆ ಹೊರಗೆ ಹೋಗುವಂತಿರಲಿಲ್ಲ. ಗೇಟಿಗೆ ಕಟ್ಟಿದ್ದ ನಾಯಿಗಳನ್ನು ಬಿಚ್ಚಬೇಕಾಯಿತು.

"ಒಂದ್ನಿಮಿಷ ಹಿಡ್ಕೋಮ್ಮ," ಅನ್ನುತ್ತ ಟೈರ್‌ ಅಂಗಡಿಯವನು ತನ್ನ ಸರಪಳಿಯನ್ನು ಅವಳ ಕೈಗೆ ಕೊಟ್ಟ. ಮೆಡಿಕಲ್‌ ಶಾಪಿನವರು ತಮ್ಮ ಬೆಲ್ಟು ಕೊಟ್ಟರು. ಮೇಷ್ಟ್ರೂ ತಮ್ಮ ಹಗ್ಗ ಕೊಟ್ಟರು. ಕರಿಯನ ಹಗ್ಗ ಆಗಲೇ ಅವಳ ಎಡಗೈಯಲ್ಲಿತ್ತು. ಲಾಂಡ್ರಿಯ ಹಳೆ ಬೆಡ್‌ಶೀಟುಗಳ ಅಂಚನ್ನು ಹರಿದು ಅಪ್ಪನೇ ಹೊಸೆದದ್ದು. ಅವನ ಕೈ ಹಿಡಿಯುತ್ತಿದ್ದ ಜಾಗ ಕಪ್ಪಾಗಿ ನುಣುಪಾಗಿತ್ತು.

ಮ್ಯಾನೇಜರು ಮತ್ತು ಆ ಮೂವರು ಪೆಟ್ಟಿಗೆ ಎತ್ತಿದರು. ಮಗಳು ಗೋಡೆಯ ಪಕ್ಕ ನಾಲ್ಕು ನಾಯಿಗಳ ನಡುವೆ ನಿಂತಳು. ಅವು ಎಳೆದಾಡುತ್ತವೆಂದು ಅವಳು ಕಾಲು ಗಟ್ಟಿಯಾಗಿ ಊರಿದ್ದಳು. ಎಳೆದಾಡಲಿಲ್ಲ. ಬಿಳಿಯದು ಅವಳ ಬಲಗಾಲಿಗೆ ಒರಗಿತು. ಮೋಟು ನಾಯಿ ಎದುರಿಗೆ ಕೂತಿತು. ಕಂದು ನಾಯಿ ಕರಿಯನ ಬೆನ್ನಿನ ಮೇಲೆ ಗದ್ದ ಇಟ್ಟುಕೊಂಡು ಆಕಳಿಸಿತು. ಪ್ರತಿಯೊಂದಕ್ಕೂ ತನ್ನ ಜಾಗ ಗೊತ್ತಿತ್ತು.

"ಜೋಪಾನ, ಜೋಪಾನ. ಎಡಕ್ಕೆ ತಗೊಳ್ಳಿ," ಅನ್ನುತ್ತಿದ್ದರು ಮೇಷ್ಟ್ರು. ಪೆಟ್ಟಿಗೆ ಗಾಡಿಯ ಒಳಗೆ ಹೋಯಿತು. ಅಮ್ಮ ಹತ್ತಿ ಅದರ ಪಕ್ಕ ಕೂತಳು.

ಮೂವರೂ ಕೈ ಝಾಡಿಸಿಕೊಳ್ಳುತ್ತ ಬಂದರು.

"ನೀವು ಹೊರಡಿ. ನಾವು ಇವನ್ನ ಮನೆಗೆ ಬಿಟ್ಟು ನೇರ ಸ್ಮಶಾನಕ್ಕೆ ಬರ್ತೀವಿ," ಅಂದ ಟೈರ್‌ ಅಂಗಡಿಯವನು. ಸರಪಳಿಯನ್ನು ಅವಳ ಬೆರಳಿನಿಂದ ಬಿಡಿಸಿಕೊಂಡ. ಕಂದು ನಾಯಿ ಏಳಲು ಒಪ್ಪಲಿಲ್ಲ, ಎರಡು ಸಲ ಜಗ್ಗಬೇಕಾಯಿತು. ಮೆಡಿಕಲ್‌ ಶಾಪಿನವರು ಬಿಳಿಯದನ್ನು ಎತ್ತಿಕೊಂಡೇಬಿಟ್ಟರು. ಮೇಷ್ಟ್ರು ತಮ್ಮ ಹಗ್ಗವನ್ನು ಕೈಗೆ ಸುತ್ತಿಕೊಂಡರು.

ಅವಳ ಕೈಯಲ್ಲಿ ಒಂದು ಉಳಿಯಿತು.

"ನಿನ್ನೆ ಗೆದ್ದಿದ್ದು ಅಪ್ಪ," ಅಂದಳು. ದನಿ ತೀರಾ ಸಣ್ಣದಿತ್ತು. ಆದರೆ ಮೂವರೂ ನಿಂತದ್ದರಿಂದ, ಕೇಳಿಸಿತೆಂದು ಗೊತ್ತಾಯಿತು.

ಅವಳು ಹಗ್ಗ ಹಿಡಿದ ಕೈಯನ್ನು ಮುಂದಕ್ಕೆ ಚಾಚಿದಳು. ಟೈರ್‌ ಅಂಗಡಿಯವನು ಗಾಡಿಯ ಚಕ್ರವನ್ನು ನೋಡಿದ. ಮೆಡಿಕಲ್‌ ಶಾಪಿನವರು ಬಿಳಿ ನಾಯಿಯ ಕಣ್ಣಿನಿಂದ ಪಿಸುರು ತೆಗೆಯತೊಡಗಿದರು. ಮೇಷ್ಟ್ರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಚಾಲಕ ಎಂಜಿನ್‌ ಶುರು ಮಾಡಿದ. ಗಾಡಿಯ ಕಿಟಕಿಯಿಂದ ಅಮ್ಮ ಇತ್ತಲೇ ನೋಡುತ್ತಿದ್ದಳು. ಕರಿಯ ಎದ್ದು ನಿಂತು, ಯಾರ ಕಡೆ ಹೋಗಬೇಕೆಂದು ಒಬ್ಬೊಬ್ಬರ ಮುಖವನ್ನೇ ನೋಡಿತು.

"ಇದನ್ನೂ ಹಿಡ್ಕೊಳ್ಳಿ," ಅಂದಳು ಅವಳು.