ಐದು ನಿಮಿಷಕ್ಕೊಂದು ಪ್ರಶ್ನೆ

೨೦೨೩ರ ಮಾರ್ಚ್ ೧೪, ಮಂಗಳವಾರ, ಬೆಳಗ್ಗೆ ೧೧ ಗಂಟೆ ೭ ನಿಮಿಷಕ್ಕೆ ಆಸ್ಪತ್ರೆಯ ಡೈರೆಕ್ಟರಿ ಸರ್ವರ್ ಕುಸಿಯಿತು. ಒಂಬತ್ತು ಸಾವಿರ ಸಿಬ್ಬಂದಿಯ ಹೆಸರು, ಪಾಸ್‌ವರ್ಡ್ ಎಲ್ಲ ಇದ್ದದ್ದು ಅದರಲ್ಲೇ. ಅದನ್ನು ಕೇಳದೆ ಅಲ್ಲಿ ಯಾವ ಬೀಗವೂ ತೆರೆಯುತ್ತಿರಲಿಲ್ಲ. ಅದನ್ನು ನೋಡಿಕೊಳ್ಳುವ ಕೆಲಸ ಅವಳದು. ಎರಡು ಮಹಡಿ ಮೇಲೆ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅವಳ ಅತ್ತಿಗೆ ಮಲಗಿದ್ದಳು.

ರಕ್ತನಿಧಿಯ ಹಿರಿಯ ತಂತ್ರಜ್ಞರ ಫೋನು ಬಂತು. "ಅಮ್ಮ, ಈ ಫ್ರಿಜ್ಜು ನೀನ್ಯಾರು ಅಂತ ಕೇಳ್ತಿದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಹೆಂಡತೀನೂ ಹಾಗೆ ಕೇಳಿಲ್ಲ."

"ಕೀಲಿಯಿಂದ ತೆಗೀರಿ ಸರ್."

"ಅದು ಬೀಗದಲ್ಲೇ ಮುರಿದು ತಿಂಗಳಾಯ್ತು. ಅರ್ಜಿ ಎಲ್ಲೋ ನಿದ್ದೆ ಹೊಡೀತಿದೆ. ಆಪರೇಷನ್ ಥಿಯೇಟರ್‌ನವರು ನಾಲ್ಕು ಚೀಲ ರಕ್ತ ಕೇಳ್ತಿದಾರೆ, ಬೇಗ ನೋಡಿ."

ಸರ್ವರ್ ತಾನಾಗಿಯೇ ಮತ್ತೆ ಏಳುತ್ತಿತ್ತು. ಅಷ್ಟೂ ಹೆಸರು ಓದಿಕೊಳ್ಳಲು ಅದಕ್ಕೆ ನಾಲ್ಕು ಮುಕ್ಕಾಲು ನಿಮಿಷ ಬೇಕು. ೧೧:೧೨ಕ್ಕೆ ಎದ್ದದ್ದು ಮತ್ತೆ ಬಿತ್ತು. ಹೋದ ವಾರ ಸರ್ವರ್‌ನ ತಯಾರಕರು ಕಳಿಸಿದ್ದ ಎಚ್ಚರಿಕೆಯ ಪತ್ರ ನೆನಪಾಯಿತು: ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಲು ಹೇಳಿದಾಗ ಯಾರದ್ದಾದರೂ ದಿನಾಂಕ ಖಾಲಿಯಿದ್ದರೆ ಸರ್ವರ್ ಕುಸಿಯುತ್ತದೆ. ತಿದ್ದುಪಡಿಯನ್ನು ಅವಳು ಭಾನುವಾರಕ್ಕೆ ಇಟ್ಟುಕೊಂಡಿದ್ದಳು. ಯಾರೋ ಅಷ್ಟರಲ್ಲೇ ಆ ದೋಷ ಹಿಡಿದು ಹೊರಗಿನಿಂದ ಸರ್ವರಿಗೆ ಹೊಡೆಯುತ್ತಿದ್ದಾರೆ ಎಂದುಕೊಂಡು ಹೊರಗಿನ ಸಂಪರ್ಕವನ್ನೆಲ್ಲ ಕಡಿದುಹಾಕಿದಳು.

೧೧:೧೭ಕ್ಕೆ ಮತ್ತೆ ಬಿತ್ತು.

ಅಣ್ಣ ಫೋನು ಮಾಡಿದ. "ಪುಟ್ಟಿ, ರಕ್ತ ನಿಲ್ತಿಲ್ವಂತೆ. ಫ್ರಿಜ್ಜಿನ ಬಾಗಿಲು ತೆಗೆಯೋಕೆ ಇಷ್ಟು ಹೊತ್ತಾ? ಯಾರ ಕೆಲಸ ಇದು?"

"ನೋಡ್ತಿದೀನಿ ಅಣ್ಣ," ಎಂದಳು.

ಏಳು, ಹನ್ನೆರಡು, ಹದಿನೇಳು. ಹೊಡೆಯುವವನಿಗೆ ಇಷ್ಟು ಶಿಸ್ತು ಯಾಕೆ? ಐದು ನಿಮಿಷದ ಲೆಕ್ಕ ಅವಳದೇ. ಸರ್ವರ್ ಬದುಕಿದೆಯೇ ಎಂದು ನೋಡಲು ಅವಳೇ ಬರೆದಿಟ್ಟ ಪುಟ್ಟ ಕಾವಲು ಪ್ರೋಗ್ರಾಂ, ಐದು ನಿಮಿಷಕ್ಕೊಮ್ಮೆ ಅದನ್ನು ಕೇಳುತ್ತಿತ್ತು: ಕೊನೆಯದಾಗಿ ಕೆಲಸಕ್ಕೆ ಸೇರಿದವರು ಯಾರು? ಅದಕ್ಕೆ ಉತ್ತರಿಸಲು ಸರ್ವರ್ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಬೇಕು. ದಾಖಲೆ ತೆಗೆದು ನೋಡಿದಳು. ೧೧:೦೪ಕ್ಕೆ ಹೊಸ ನರ್ಸ್ ಒಬ್ಬರ ಹೆಸರು ಸೇರಿತ್ತು, ಸೇರಿದ ದಿನಾಂಕ ಖಾಲಿ.

ಹೊರಗಿನವರು ಯಾರೂ ಇರಲಿಲ್ಲ.

ಕಾವಲು ಪ್ರೋಗ್ರಾಂ ಅನ್ನು ನಿಲ್ಲಿಸಿದಳು. ೧೧:೨೨ ಆಯಿತು. ಸರ್ವರ್ ಎದ್ದಿತೋ ಇಲ್ಲವೋ ಎಂದು ಒಮ್ಮೆ ಕೇಳಿ ನೋಡಲು ಕೈ ತುಡಿಯಿತು. ಇನ್ನು ಯಾವ ಪ್ರಶ್ನೆ ಅದನ್ನು ಬೀಳಿಸುತ್ತದೋ ಯಾರಿಗೆ ಗೊತ್ತು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು, ಕುರುಡಿಯ ಹಾಗೆ ಕೂತಳು.

"ಈಗ ಗುರುತು ಹಿಡೀತು ನೋಡಮ್ಮ," ಎಂದರು ತಂತ್ರಜ್ಞರು ಫೋನಿನಲ್ಲಿ. "ನಾಲ್ಕೂ ಚೀಲ ಮೇಲೆ ಹೋಯ್ತು."

ಆಮೇಲಿನ ಅರ್ಧ ಗಂಟೆ ಯಾರೂ ಫೋನು ಮಾಡಲಿಲ್ಲ. ವರದಿಯ ಕಾಗದ ಎಳೆದುಕೊಂಡು, ಕಾರಣ ಎಂಬಲ್ಲಿ ತನ್ನ ಹುದ್ದೆಯನ್ನೂ ತಾನು ಬರೆದ ಪ್ರಶ್ನೆಯನ್ನೂ ಬರೆದಳು.

೧೧:೫೮ಕ್ಕೆ ಅಣ್ಣನ ಫೋನು ಬಂತು. ಹಿಂದೆ ಯಾರೋ ಓಡಾಡುವ ಸದ್ದು. ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

"ಇದೀಯಾ, ಪುಟ್ಟಿ? ಮೂರನೇ ಚೀಲ ಹಾಕಿದಾರೆ. ಇನ್ನೂ ಏನೂ ಹೇಳೋಕಾಗಲ್ಲ ಅಂತಾರೆ. ಮೇಲಿನ ರಕ್ತದೊತ್ತಡ ೬೦ಕ್ಕೆ ಇಳಿದಿತ್ತಂತೆ, ಈಗ ೮೬."