ಸರಸಮ್ಮ ತೊಳೆದ ಡಬ್ಬಿ

ರೇಷ್ಮೆ ಹುಳ ಸಾಕುವ ಮನೆಯಲ್ಲಿ ಶುಚಿಯ ಹುಚ್ಚು ಇರಲೇಬೇಕು. ಹೊಂಗನೂರಿನ ಸರಸಮ್ಮನಿಗಂತೂ ಅದು ಒಂದು ಕೈ ಹೆಚ್ಚೇ ಇತ್ತು. ಹೊಸ ಮರಿಹುಳ ಬರುವ ಮುಂಚೆ ಹುಳದ ಮನೆಯ ಗೋಡೆ, ಸೂರು, ತಟ್ಟೆಗಳಿಗೆಲ್ಲ ಬ್ಲೀಚಿಂಗ್ ನೀರು ಹೊಡೆಯುವುದು ವಾಡಿಕೆ. ಅವಳು ಬಾಗಿಲ ಚಿಲಕವನ್ನೂ ಬಿಡುವವಳಲ್ಲ. ಆ ಸೋಮವಾರ ಬೆಳಿಗ್ಗೆ ಕೈಯ ಓಟದಲ್ಲಿ ಗೋಡೆಯ ಮೇಲಿದ್ದ ಇಂಟರ್ನೆಟ್ ಡಬ್ಬಿಯನ್ನೂ ಬಿಡಲಿಲ್ಲ.

ಡಬ್ಬಿ ಅವಳದಲ್ಲ, ಊರಿನದು. ಪಂಚಾಯ್ತಿ ಕಂಬ ಕೊಟ್ಟಿತ್ತು, ಒಂದು ಕಂಪನಿ ಫೈಬರ್ ಎಳೆದಿತ್ತು, ಊರಿನವರು ಮನೆಗೊಂದು ಪಾಲು ಹಾಕಿ ಸಂಘ ಕಟ್ಟಿಕೊಂಡಿದ್ದರು. ಪಂಚಾಯ್ತಿಯ ಕೋಣೆ ಸೋರುತ್ತಿದ್ದುದರಿಂದ, ಊರಿಗೆಲ್ಲ ನೆಟ್ ಹಂಚುವ ಡಬ್ಬಿ ಸಂಘದ ಅಧ್ಯಕ್ಷೆ ಸರಸಮ್ಮನ ಮನೆಗೆ ಬಂದಿತ್ತು. ನೆಟ್ ನಡೆಸುವ ಹೊಣೆ ಸಂಘದಲ್ಲೇ ಇರಲೋ ಕಂಪನಿಗೆ ಬಿಟ್ಟುಕೊಡಲೋ ಎಂದು ತೀರ್ಮಾನಿಸಲು ಅವತ್ತು ಸಂಜೆಯೇ ಸಭೆ. ಊರಿನ ಕೈಯಲ್ಲೇ ಉಳಿಯಲಿ ಎಂದು ಮನೆಮನೆ ತಿರುಗಿ ಚಪ್ಪಲಿ ಸವೆಸಿದವಳು ಸರಸಮ್ಮನೇ.

ಡಬ್ಬಿ ಚಟ್ ಎಂದಿತು. ದೀಪಗಳೆಲ್ಲ ಆರಿಹೋದವು.

ಮೊದಲು ಬಂದವರು ಪಕ್ಕದ ಬೀದಿಯ ಬೋರಲಿಂಗಯ್ಯ. ರಾಮನಗರದ ಮಾರ್ಕೆಟ್ಟಿನಲ್ಲಿ ರೇಷ್ಮೆ ಗೂಡಿನ ರೇಟು ಏನೆಂದು ಫೋನಿನಲ್ಲಿ ನೋಡದೆ ಅವರಿಗೆ ಕಾಫಿ ಇಳಿಯುವುದಿಲ್ಲ.

"ಸರಸವ್ವಾ, ನೆಟ್ಟು ಸತ್ತೋಗೈತಲ್ಲ, ಏನಾಯ್ತವ್ವ?"

"ಗೊತ್ತಿಲ್ಲ ಮಾವ, ನೋಡ್ತೀನಿ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸರಸಮ್ಮ ಸ್ಪ್ರೇಯರನ್ನು ಕಾಲಿನಲ್ಲೇ ಬಾಗಿಲ ಹಿಂದಕ್ಕೆ ತಳ್ಳಿದಳು.

ಮಧ್ಯಾಹ್ನ ಕಂಪನಿಯ ಓವೈಸ್ ಚನ್ನಪಟ್ಟಣದಿಂದ ಬಂದು ಡಬ್ಬಿ ಬಿಚ್ಚಿ ನೋಡಿದ. "ಒಳಗೆ ನೀರು ಇಳ್ದೈತೆ ಅಮ್ಮಾ. ಹೊಸದೇ ಹಾಕ್ಬೇಕು, ನಾಳೆ ತತ್ತೀನಿ."

ಅವನು ಅತ್ತ ಹೋಗುತ್ತಲೇ ಸೊಸೆ ರಮ್ಯಾ ಪಿಸುಗುಟ್ಟಿದಳು. "ರಾತ್ರಿ ಮಳೆಗೆ ಸೂರು ಸೋರ್ತು ಅಂದ್ಬುಡಿ ಅತ್ತೆ. ಯಾರ್ಗೆ ಗೊತ್ತಾಯ್ತದೆ?"

ಮಾತು ಸರಸಮ್ಮನಿಗೆ ಹಿಡಿಸಿತು. ಹಿಡಿಸಿತಲ್ಲ ಎಂದು ನಾಚಿಕೆಯೂ ಆಯಿತು.

ಸಂಜೆ ಅರಳಿಕಟ್ಟೆಯ ಮುಂದೆ ಊರಿಗೆ ಊರೇ ಸೇರಿತ್ತು. ಅವಳ ಮೈದುನ ನಟರಾಜು ಮೊದಲಿಂದಲೂ ಕಂಪನಿಯ ಕಡೆ. "ಅತ್ಗೆ, ನೆಟ್ಟು ಯಾಕೆ ಹೋಯ್ತು, ಒಸಿ ಎಲ್ಲಾರ್ಗೂ ಹೇಳಿ," ಎಂದ.

ಸರಸಮ್ಮ ಎದ್ದಳು. ಸೂರಿನ ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ತನ್ನ ಮಾತು ನಂಬಿ ಪಾಲು ಹಾಕಿದ ಹೆಂಗಸರೆಲ್ಲ ಮುಂದೆಯೇ ಕೂತಿದ್ದರು. ಅವರ ಮುಖ ನೋಡಿಕೊಂಡು ಸುಳ್ಳು ಹೇಳಲು ಅವಳಿಂದ ಆಗಲಿಲ್ಲ.

"ಹುಳದ ಮನೆಗೆ ಬ್ಲೀಚಿಂಗ್ ಹೊಡೀತಾ ಡಬ್ಬಿಗೂ ಹೊಡ್ದ್ಬುಟ್ಟೆ. ತಪ್ಪು ನಂದೇ."

ಶುರುವಾಯಿತು ನೋಡಿ ಮಂಗಳಾರತಿ! "ನಾಳೆ ಟೀವಿಗೂ ಹೊಡಿ ತಾಯಿ!" "ಗಂಡನ್ಗೂ ಒಂದು ಸಲ ಹೊಡ್ದ್ಬುಡು!" ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ಬೈದವರು ಬೋರಲಿಂಗಯ್ಯ.

"ಇದ್ಕೇ ಕಣ್ರಪ್ಪಾ ನಾನು ಹೇಳಿದ್ದು," ಎಂದ ನಟರಾಜು. "ಕಂಪ್ನಿಗೆ ಕೊಟ್ಬುಡಿ."

ಬೋರಲಿಂಗಯ್ಯ ಗಕ್ಕನೆ ಅವನ ಕಡೆ ತಿರುಗಿದರು. "ಸುಮ್ಕಿರ್ಲಾ ನಟರಾಜ. ಹೋದ್ವರ್ಸ ನನ್ನ ಫೋನು ಕೆಟ್ಟಾಗ ಅದ್ರ ಕಂಪ್ನಿಯೋರ್ಗೆ ಮಾಡಿದ್ರೆ, ಒಂದು ಒತ್ತಿ, ಎರಡು ಒತ್ತಿ ಅಂದ್ರು ಕಣ್ಲಾ. ಬೈಯಕೆ ಒಬ್ಬ ಮನುಷ್ಯ ಸಿಗ್ನಿಲ್ಲ. ಇವ್ಳು ನೋಡು, ಎದುರ್ಗೇ ನಿಂತವ್ಳೆ. ತಪ್ಪು ನಂದು ಅಂತಾಳೆ, ಬೈದ್ರೆ ಬೈಸ್ಕತಾಳೆ. ನಂಗೆ ಇವ್ಳೇ ಇರ್ಲಿ."

ಹಾಗೆಂದು ಸಂಘದ ಪರ ಕೈ ಎತ್ತಿದರು. ಹೆಂಗಸರ ಸಾಲಿನಲ್ಲಿ ಕೈಗಳೆದ್ದವು, ಗಂಡಸರ ಕಡೆಯೂ ಎದ್ದವು. ಕೊನೆಗೆ ನಟರಾಜು ಕೂಡ ನಗು ತಡೆಯಲಾರದೆ ಎತ್ತಿದ. "ಅತ್ಗೇನ ಬೈಯಕೆ ನಂಗೂ ಒಂದು ಚಾನ್ಸ್ ಇರ್ಲಿ ಬುಡಿ!"

ಇಷ್ಟು ಬೈಸಿಕೊಂಡು ಇಷ್ಟು ಹಿಗ್ಗಿದ್ದು ಸರಸಮ್ಮನ ಬದುಕಿನಲ್ಲೇ ಇರಲಿಲ್ಲ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಹೊಸ ಡಬ್ಬಿ ನಾಳೆ ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳಲು ಓವೈಸ್‌ಗೆ ಫೋನು ಹಚ್ಚಿದಳು.